ಮಾಸ್ತರು ಕೇಳಿದ ಕಾರಣ

ಎದುರು ಮನೆಗೆ ಬಾಡಿಗೆಯವರು ಬರುತ್ತಾರಂತೆ, ನಿನ್ನೆಯಿಂದ ಸುಣ್ಣ ಬಳಿಯುತ್ತಿದ್ದಾರೆ. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಊಟ ಸೇರುವುದಿಲ್ಲ. ಮಸರಕಲ್ಲಿನ ಆ ಮಾಸ್ತರು ನೆನಪಾಗುತ್ತಾರೆ...

ನಿಜಾಮರ ಆಳ್ವಿಕೆ ಮುಗಿದು ವರ್ಷದ ಮೇಲಾಗಿತ್ತು. ರಾಯಚೂರಿನ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಿಗೆ ಸುಣ್ಣ ಹೊಡೆಸಿ ಬಾಡಿಗೆಗೆ ಇಟ್ಟಿದ್ದೆವು. ಚಂದ್ರಬಂಡದ ಶಾಲೆಯಲ್ಲಿದ್ದ ಮಾಸ್ತರಿಗೆ ಆಗಷ್ಟೇ ಇಲ್ಲಿಗೆ ವರ್ಗವಾಗಿತ್ತು, ಮನೆ ಕೇಳಿಕೊಂಡು ಬಂದರು. ಹೆಂಡತಿ ತುಂಬು ಬಸುರಿ. ಮೊದಲ ಎರಡು ಕೂಸುಗಳು ಹೆರಿಗೆಯಲ್ಲೇ ಹೋಗಿದ್ದವು. ಈ ಸಲವಾದರೂ ದವಾಖಾನೆಯ ಹತ್ತಿರ ಇರಬೇಕೆಂಬುದು ಅವರ ಆಸೆ. ನಮ್ಮ ಮನೆಯಿಂದ ದವಾಖಾನೆ ಕೂಗಳತೆಯ ದೂರ.

ಜಾತಿಯನ್ನು ನೇರವಾಗಿ ಕೇಳುವವರಲ್ಲ ನಾವು, ಬಲು ಮರ್ಯಾದಸ್ಥರು. ಊರು ಯಾವುದು, ಊರಲ್ಲಿ ಮನೆ ಯಾವ ಕಡೆ ಎಂದು ಕೇಳಿದರೆ ಸಾಕಿತ್ತು. ಸ್ವಂತ ಊರು ಮಸರಕಲ್ಲು ಎಂದರು ಮಾಸ್ತರು.

"ಮಸರಕಲ್ಲಾಗ ನಿಮ್ಮ ಮನಿ ಯಾವ ಕಡಿ ಬರ್ತದ್ರಿ?" ಅಂದೆ.

"ಅಗಸಿ ಹೊರಗ್ರಿ, ಅಕ್ಕಾರ."

ಊರಬಾಗಿಲಿನ ಆಚೆ ಯಾರ ಕೇರಿ ಇರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅವರು ಸುಳ್ಳು ಹೇಳಬಹುದಿತ್ತು. ಅಸ್ಪೃಶ್ಯತೆ ಇನ್ನು ಮುಂದೆ ಅಪರಾಧವೆಂದು ಪತ್ರಿಕೆಯಲ್ಲಿ ಓದಿದ್ದರು, ಪಾಪ, ನಂಬಿಯೂ ಇದ್ದರು.

ನಾಳೆ ಹೇಳುತ್ತೇವೆಂದು ಕಳಿಸಿದೆ. ಕಾಯ್ದೆಗೆ ಹೆದರಿ ನಮ್ಮ ಯಜಮಾನರು ವಕೀಲರ ಹತ್ತಿರ ಓಡಿದರು. ವಕೀಲರು ನಕ್ಕರಂತೆ. "ಮನಿ ನಿಮ್ದು, ಮರ್ಜಿ ನಿಮ್ದು. ಕಾರಣ ಮಾತ್ರ ಬಾಯಿಬಿಟ್ಟು ಹೇಳಬ್ಯಾಡ್ರಿ."

ಮರುದಿನ ಮಾಸ್ತರು ಬಂದಾಗ, "ನಮ್ಮ ನೆಂಟರು ಬರಾಕತ್ತಾರ್ರಿ" ಅಂದುಬಿಟ್ಟೆ.

ಅವರು ಸುಣ್ಣ ಹೊಡೆಸಿದ ಖಾಲಿ ಕೋಣೆಗಳ ಕಡೆ ನೋಡಿದರು. "ನೆಂಟರ ಸುದ್ದಿ ಬ್ಯಾಡ್ರಿ. ಖರೇ ಕಾರಣ ಒಂದು ಹೇಳ್ರಿ ಅಕ್ಕಾರ, ಸರಕಾರಕ್ಕ ಅರ್ಜಿ ಬರಿಲಿಕ್ಕರ ಆಗ್ತದ."

ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಹದಿನೈದು ದಿನಕ್ಕೆ ಸುದ್ದಿ ಬಂತು. ಬೇರೆಲ್ಲೂ ಮನೆ ಸಿಗದೆ ಚಂದ್ರಬಂಡದಲ್ಲೇ ಉಳಿದಿದ್ದ ಮಾಸ್ತರ ಹೆಂಡತಿಯನ್ನು ಚಕ್ಕಡಿಯಲ್ಲಿ ದವಾಖಾನೆಗೆ ಕರೆತರುವಾಗ ದಾರಿಯಲ್ಲೇ ಹೆರಿಗೆ... ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ನಮ್ಮ ಕೋಣೆಗಳು ಆಗಲೂ ಖಾಲಿಯೇ ಇದ್ದವು. ಆ ರಾತ್ರಿ ಯಜಮಾನರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದೇ ಮಾಸ್ತರು ಮುಂದೆ ನನ್ನ ಮಗನಿಗೆ ಅಕ್ಷರ ಕಲಿಸಿದರು. ಬಜಾರಿನಲ್ಲಿ ಎದುರಾದರೆ ಕೈಮುಗಿಯುತ್ತಿದ್ದರು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಕಾಯ್ದೆ ಈಗ ಗಟ್ಟಿಯಾಗಿದೆ ಎಂದು ಮೊಮ್ಮಗಳು ಹೇಳುತ್ತಾಳೆ. ಅರ್ಜಿ ಬರೆಯಬೇಕಾದವರೇ ಇಲ್ಲ. ಆದರೂ ಬರೆದಿಡುತ್ತೇನೆ. ಮಾಸ್ತರೇ, ನಮ್ಮ ಮನೆಗೆ ಯಾವ ನೆಂಟರೂ ಬರುವವರಿರಲಿಲ್ಲ. ನೀವು ಅಗಸಿಯ ಹೊರಗಿನವರೆಂದೇ ನಾನು ಮನೆ ಕೊಡಲಿಲ್ಲ.