ಮುಂಗೈ ನೆನೆಯಬಾರದು

ಕೊತ್ತತ್ತಿಯ ಜವರಯ್ಯನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಲು ಕೂರುವವರು ಮೊದಲು ಒಂದು ಚೊಂಬು ನೀರು ಹೊರಬೇಕಿತ್ತು. ಹೊಂಗೆಮರದಡಿ ಕಂಠಮಟ್ಟ ತುಂಬಿಸಿಟ್ಟ ಹಿತ್ತಾಳೆ ಚೊಂಬನ್ನು ಒಂದೇ ಕೈಯಲ್ಲಿ ಹಿಡಿದು, ಕೈಗಾಲುವೆಯ ಬದುವಿನ ಮೇಲೆ ಮೂವತ್ತು ಹೆಜ್ಜೆ ನಡೆದು, ಎತ್ತುಗಳ ಬಾನಿಗೆ ಸುರಿಯಬೇಕು. ಬದು ಒಂದು ಪಾದದಷ್ಟೇ ಅಗಲ. ಒಂದೆರಡು ಹನಿ ಚೆಲ್ಲಿದರೆ ಚಿಂತೆಯಿಲ್ಲ, ಮುಂಗೈ ಮಾತ್ರ ನೆನೆಯಬಾರದು. ನೆನೆಯಿತೋ, ಆ ದಿನ ಗಾಣ ಇಲ್ಲ. ಹೆಂಗಸರ ಜೊತೆ ಸೇರಿ, ಹಿಂಡಿದ ಕಬ್ಬಿನ ರಚ್ಚನ್ನು ಒಲೆಯ ಉರುವಲಿಗೆಂದು ಬಿಸಿಲಿಗೆ ಹರವಬೇಕು.

ಈ ಕಾನೂನು ಮಾಡಿದ್ದು ಯಾವ ಶೇಕದಾರನೂ ಅಲ್ಲ, ಪಟೇಲನೂ ಅಲ್ಲ. ಅಕ್ಷರದ ಗಂಧವಿಲ್ಲದ ಚಿಕ್ಕಬೋರಮ್ಮ. ಆಳು ನೋಡಿದರೆ ಹಿಡಿಯಷ್ಟು. ದನಿ ಮಾತ್ರ ಯಲಿಯೂರು ಸ್ಟೇಷನ್ನಿನಲ್ಲಿ ನಿಂತ ರೈಲನ್ನೂ ಹೊರಡಿಸುವಂಥದ್ದು. ಅವಳೆದುರು ಮೀಸೆ ತಿರುವುವ ಗಂಡಸರೂ ಚೊಂಬು ಹಿಡಿದು ಮದುಮಗಳ ಹಾಗೆ ಅಡಿಯಿಟ್ಟು ಬರುತ್ತಿದ್ದರು. ನೋಡಿ ನಗಬೇಕೆನಿಸುತ್ತಿತ್ತು. ಅದರ ಹಿಂದಿನ ಕತೆ ಗೊತ್ತಿದ್ದವರು ಮಾತ್ರ ನಗುತ್ತಿರಲಿಲ್ಲ.

ನಾಲೆಯ ನೀರು ಬಂದು ಊರ ಸುತ್ತ ಕಬ್ಬು ಎದ್ದು ನಿಂತ ಕಾಲ ಅದು. ಮಂಡ್ಯದ ಕಾರ್ಖಾನೆಗೆ ಹೋಗಿ ಉಳಿದದ್ದು ಆಲೆಮನೆಗೆ ಬರುತ್ತಿತ್ತು. ಜವರಯ್ಯನದು ಮೂರು ಕಬ್ಬಿಣದ ಉರುಳೆಗಳ ಗಾಣ. ಮೇಲೊಂದು ಉದ್ದನೆಯ ತೊಲೆ, ಅದರ ತುದಿಗೆ ಜೋಡೆತ್ತು. ಎತ್ತು ಸುತ್ತಿದಂತೆ ತೊಲೆಯೂ ಸುತ್ತುತ್ತದೆ. ಕಬ್ಬು ಕೊಡುವವನು ಉರುಳೆಯ ಬಾಯಿಗೆ ಎದುರಾಗಿ ನೆಲದಲ್ಲಿ ಕೂತು, ತೊಲೆ ಬಂದಾಗಲೆಲ್ಲ ತಲೆ ಬಗ್ಗಿಸಬೇಕು. ಅದು ದಾಟಿದ ಮೇಲೆ ಎದ್ದು ಎರಡೆರಡು ಜಲ್ಲೆ ಬಾಯಿಗಿಡಬೇಕು. ದಿನಕ್ಕೆ ಸಾವಿರ ಸಲ ಬಗ್ಗಬೇಕು, ಸಾವಿರ ಸಲ ಏಳಬೇಕು. ಒಂದು ಸಲ ಲೆಕ್ಕ ತಪ್ಪಿದರೂ ಮುಗಿಯಿತು.

ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಚಿಕ್ಕಬೋರಮ್ಮನ ಗಂಡ ಕರಿಸಿದ್ದಯ್ಯನಿಗೆ ಆ ಲೆಕ್ಕ ತಪ್ಪಿತು. ಮಧ್ಯಾಹ್ನ ಊಟಕ್ಕೆಂದು ಎದ್ದವನು ಈಚಲುವನದ ಕಡೆ ಹೋಗಿ ಹೆಂಡ ಕುಡಿದು ಬಂದಿದ್ದ. ಜಲ್ಲೆಯ ಜೊತೆಗೆ ಬಲಗೈಯನ್ನೂ ಕೊಟ್ಟ. ಅವನು ಕೂಗಿಕೊಂಡ ಮೇಲೆ ಎತ್ತು ನಡೆದದ್ದು ಎರಡೇ ಹೆಜ್ಜೆ. ಮಂಡ್ಯದ ಆಸ್ಪತ್ರೆಗೆ ಗಾಡಿಯಲ್ಲಿ ಹಾಕಿಕೊಂಡು ಹೋದರು. ಮುಂಗೈ ಉಳಿಯಲಿಲ್ಲ, ಜೀವ ಉಳಿಯಿತು. ಕೈ ಹೋದ ಮೇಲೆ ಅವನ ಕುಡಿತವೂ ಹೋಯಿತು. ಕೈ ಇದ್ದಾಗಲೇ ಹೋಗಬಾರದಾಗಿತ್ತೆ ಎಂದು ಚಿಕ್ಕಬೋರಮ್ಮ ಸಾಯುವವರೆಗೂ ಹೇಳುತ್ತಿದ್ದಳು.

ಗಂಡ ಎಡಗೈಯಲ್ಲಿ ಬಾರುಕೋಲು ಹಿಡಿದು ಎತ್ತು ಹೊಡೆಯಲು ನಿಂತ. ಅವನು ಕೂರುತ್ತಿದ್ದ ಜಾಗಕ್ಕೆ ಹೆಂಡತಿ ಬಂದಳು. ಜವರಯ್ಯ ತಲೆ ಕೆರೆದುಕೊಂಡ.

"ಎಂಗ್ಸು ಗಾಣಕ್ಕೆ ಕೂರೋದು ಎಲ್ಲಾದ್ರೂ ಉಂಟೇನಮ್ಮಿ?"

"ಗಂಡ್ಸು ಕೂತು ಏನಾಯ್ತು ಅಂತ ನೋಡಿದ್ಯಲ್ಲ, ಬುಡಪ್ಪ."

ಜವರಯ್ಯ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಬಳೆ ಬಿಚ್ಚುವುದು ಮುತ್ತೈದೆಗೆ ಒಳ್ಳೆಯದಲ್ಲ; ಹಾಗೆಂದು ಉರುಳೆಯ ಬಾಯಲ್ಲಿ ಬಳೆ ಆಡಿಸಲಾದೀತೆ? ಮೊಣಕೈಗೆ ಏರಿಸಿ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ಸಿಕ್ಕಿಸಿ, ಎಳೆದು ನೋಡಿ, ಆಮೇಲೆಯೇ ಕೂರುತ್ತಿದ್ದಳು. ಬೆಳಗಿನ ಹೊತ್ತು ಅವಳು, ಊಟದ ಮೇಲೆ ಅವಳ ತಮ್ಮ ಸಣ್ಣಯ್ಯನೋ ಪಕ್ಕದ ಮನೆಯ ನಿಂಗಯ್ಯನೋ. ಕುಡಿದವರು ಗಾಣದ ಹತ್ತಿರ ಸುಳಿಯಕೂಡದೆಂದು ಅವಳು ಅಂದೇ ಹೇಳಿಬಿಟ್ಟಳು.

ಕುಡಿದವರನ್ನು ಕಂಡುಹಿಡಿಯುವುದು ಹೇಗೆ? ಮೊದಲ ವರ್ಷ ಮೂಗನ್ನು ನಂಬಿದಳು. ಬಂದವರ ಬಾಯಿಯ ಹತ್ತಿರ ಮುಖ ಒಯ್ದು ಮೂಸುವಳು. ಅವಳು ಮಾಡಿದ ದೊಡ್ಡ ತಪ್ಪು ಅದೇ. ಆಲೆಮನೆಯೆಂದರೆ ನೆಲ, ಗೋಡೆ, ಮಡಕೆ ಎಲ್ಲವೂ ಹುಳಿ ಬಂದ ಕಬ್ಬಿನ ಹಾಲಿನ ವಾಸನೆ. ಹೆಂಡದ ವಾಸನೆಗೂ ಅದಕ್ಕೂ ದಾಯಾದಿ ಸಂಬಂಧ. ಒಂದು ದಿನ ನಿಂಗಯ್ಯ, ಪಾಪ, ನಿನ್ನೆಯ ಹಾಲು ಚೆಲ್ಲುವುದೇಕೆಂದು ಎರಡು ಲೋಟ ಕುಡಿದು ಬಂದ. ಅವನನ್ನು ಬೈದು ಅಟ್ಟಿದಳು. ಸಣ್ಣಯ್ಯ ಸಾರಾಯಿ ಹಾಕಿ, ಮೇಲೆ ಲವಂಗ ಹಾಕಿದ ವೀಳ್ಯ ಜಗಿದು ಬಂದ. ಅವನ ಬಾಯಿ ಘಮಘಮ ಅನ್ನುತ್ತಿತ್ತು. "ನೋಡ್ರೋ, ನಮ್ ತಮ್ಮನ್ನ ನೋಡಿ ಕಲೀರಿ" ಎಂದು ನಾಲ್ವರೆದುರು ಹೊಗಳಿ ಕೂರಿಸಿದಳು. ಮೂಗಿಗೆ ಬೆಲ್ಲ ಸವರಿದ ಹಾಗಾಯಿತು.

ಅರ್ಧ ಗಳಿಗೆಯೂ ಆಗಿರಲಿಲ್ಲ, ಸಣ್ಣಯ್ಯನ ಹೆಗಲ ಟವಲು ಉರುಳೆಗೆ ಸಿಕ್ಕಿತು. ಅದನ್ನು ಬಿಡಿಸಿಕೊಳ್ಳಲು ಕೈಯನ್ನೂ ಒಯ್ದ. ಕರಿಸಿದ್ದಯ್ಯ ಬಾರುಕೋಲು ಬಿಸಾಡಿ ಎತ್ತಿನ ಮೂಗುದಾರಕ್ಕೇ ಜೋತುಬಿದ್ದ. ಟವಲು ಹೋಯಿತು, ಒಂದು ಉಗುರು ಹೋಯಿತು, ಕೈ ಉಳಿಯಿತು. ಅವತ್ತು ಚಿಕ್ಕಬೋರಮ್ಮ ತಮ್ಮನನ್ನು ಬೈಯಲಿಲ್ಲ. ರಚ್ಚಿನ ಮೆದೆಯ ಹಿಂದೆ ಹೋಗಿ ಕೂತು, ತನ್ನ ಮೂಗಿಗೆ ತಾನೇ ಶಾಪ ಹಾಕುತ್ತ ಅತ್ತಳು.

ಚೊಂಬಿನ ಉಪಾಯ ಹೊಳೆದದ್ದು ಗಂಡನನ್ನು ನೋಡಿ. ಎಡಗೈಗೆ ಕೆಲಸ ಕಲಿಸಬೇಕೆಂದು ಕರಿಸಿದ್ದಯ್ಯ ದಿನವೂ ಚೊಂಬು ತುಂಬಿ ಎತ್ತಿನ ಬಾನಿಗೆ ಹೊರುತ್ತಿದ್ದ. ಮೊದಮೊದಲು ಮುಂಗೈ ಎಲ್ಲ ತೊಪ್ಪೆ. ಒಂದು ಬೆಳಿಗ್ಗೆ ಹನಿಯೂ ತಾಗದ ಕೈ ಎತ್ತಿ ಹೆಂಡತಿಗೆ ತೋರಿಸಿದ. ಅವಳಿಗೆ ಅರ್ಥವಾಯಿತು: ಬಾಯಿ ಸುಳ್ಳು ಹೇಳೀತು, ಕೈ ಹೇಳುವುದಿಲ್ಲ. ಅಂದಿನಿಂದ ಚೊಂಬು ಹೊಂಗೆಮರದಡಿಗೆ ಬಂತು. ಜ್ವರ ಬಂದು ಕೈ ನಡುಗಿದವನನ್ನೂ ಅವಳು ಗಾಣಕ್ಕೆ ಬಿಡುತ್ತಿರಲಿಲ್ಲ. "ಯಾಕ್ ನಡುಗ್ತು ಅಂತ ನಾನ್ ಕೇಳಕಿಲ್ಲ, ನಡುಗ್ತಾ, ಇಲ್ವಾ, ಅಷ್ಟೇ" ಎನ್ನುತ್ತಿದ್ದಳು. ಸುತ್ತಲ ಊರಿನವರು ಅವಳಿಗೆ ಚೊಂಬಮ್ಮ ಎಂದು ಹೆಸರಿಟ್ಟು ನಕ್ಕರು. ನಗಲಿ. ಆಮೇಲೆ ಎಂಟು ಸುಗ್ಗಿಯಲ್ಲಿ ಆ ಗಾಣ ಒಬ್ಬರ ಬೆರಳನ್ನೂ ತಿನ್ನಲಿಲ್ಲ.

ಆದರೆ ಅದಕ್ಕೆ ಅವಳು ತೆತ್ತದ್ದು ತಮ್ಮನನ್ನು. ಅವ್ವ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಕೆಲವು ವರ್ಷ ಒಣಗೈಯಲ್ಲೇ ಬರುತ್ತಿದ್ದವನು ಮತ್ತೆ ಸಾರಾಯಿಗೆ ಬಿದ್ದ. ನಲವತ್ತನಾಲ್ಕರ ಸುಗ್ಗಿಯಲ್ಲಿ ಒಂದು ದಿನ ಹತ್ತು ಹೆಜ್ಜೆಗೇ ಮೊಣಕೈವರೆಗೆ ನೆನೆದುಹೋದ. ರಚ್ಚಿನ ಕಡೆ ಹೋಗೆಂದು ಅಕ್ಕ ಕೈ ತೋರಿಸಿದಳು. ಹೆಂಗಸರು ಕಿಸಕ್ಕೆಂದರು. ಅವನು ಚೊಂಬನ್ನು ಕಲ್ಲಿಗೆ ಎಸೆದ. ಅದರ ಹೊಟ್ಟೆಯಲ್ಲಿ ಒಂದು ನಗ್ಗು ಬಿತ್ತು.

"ಇನ್ ನಿನ್ ಚೊಂಬು ಮುಟ್ಟುದ್ರೆ ಕೇಳು. ನೀನು ನಮ್ಮಕ್ಕ ಅಲ್ಲ, ನಾನು ನಿನ್ ತಮ್ಮ ಅಲ್ಲ."

ಅಂದಂತೆಯೇ ಮಾಡಿದ. ಎರಡು ಸುಗ್ಗಿ ಚೊಂಬಿನ ಕಡೆ ತಿರುಗಿಯೂ ನೋಡದೆ ನೇರ ರಚ್ಚಿನ ಕಡೆಗೆ ನಡೆದುಬಿಡುತ್ತಿದ್ದ. ಅಕ್ಕನ ಮನೆಯ ಹೊಸಲು ತುಳಿಯಲಿಲ್ಲ. ಅವಳು ಕಬ್ಬು ಕೊಡುತ್ತ ಓರೆಗಣ್ಣಿನಲ್ಲಿ ಅವನನ್ನು ನೋಡುವಳು. ಕೈ ಉಳಿಸಲು ಹೋಗಿ ತಮ್ಮನನ್ನೇ ಕಳೆದುಕೊಂಡೆನಲ್ಲ ಎಂದು ಕೊರಗುವಳು. ಚೊಂಬನ್ನು ಒಳಗಿಟ್ಟು, ಬಾರಪ್ಪ ಕೂತುಕೋ ಎಂದರೆ ಬಂದಾನು. ಎಷ್ಟೋ ಸಲ ಆ ಮಾತು ನಾಲಿಗೆಯ ತುದಿಗೆ ಬಂದದ್ದುಂಟು. ನುಂಗಿಕೊಂಡಳು.

ನಲವತ್ತಾರರ ಕೊನೆಗೆ ಅವಳಿಗೆ ದವಡೆ ಹಲ್ಲು ನೋವು ಬಂತು. ಮೂರು ದಿನ ಮುದ್ದೆ ನುಂಗಲಾಗಲಿಲ್ಲ, ಕಣ್ಣು ಮುಚ್ಚಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೆರೆಮನೆಯ ಮುದ್ದಮ್ಮ ಸಾಸಿವೆಯ ಡಬ್ಬಿಯಿಂದ ಕರಿಯ ಗುಳಿಗೆಯೊಂದನ್ನು ತೆಗೆದು ಕೊಟ್ಟಳು. ಮಳವಳ್ಳಿ ಸಂತೆಯಲ್ಲಿ ಮದ್ದಿನವನು ಕೊಟ್ಟದ್ದಂತೆ, ಎಂಥ ನೋವಿದ್ದರೂ ಮಾಯವಂತೆ. ಚಿಕ್ಕಬೋರಮ್ಮ ನುಂಗಿದಳು. ಆಲೆಮನೆಗೆ ಬರುವಷ್ಟರಲ್ಲಿ ನೋವು ನಿಜವಾಗಿಯೂ ಮಾಯವಾಗಿತ್ತು. ಮೈ ಹಗುರ, ಬಿಸಿಲು ಹಿತ, ಎತ್ತಿನ ಗಂಟೆ ಎಲ್ಲೋ ದೂರದಲ್ಲಿ ಆಡುತ್ತಿತ್ತು. ಇಷ್ಟು ಸುಖವಾಗಿ ಅವಳು ಎಂದೂ ಕೆಲಸಕ್ಕೆ ಬಂದಿರಲಿಲ್ಲ.

ಅಂದು ನಿಂಗಯ್ಯ ಮದ್ದೂರಿಗೆ ಮದುವೆಗೆ ಹೋಗಿದ್ದ. ನಿನ್ನೆ ಕಡಿದ ಕಬ್ಬು ರಾಶಿ ಬಿದ್ದಿತ್ತು, ಕೊಪ್ಪರಿಗೆಯ ಒಲೆ ಹತ್ತಿತ್ತು. ಕಾನೂನು ಮಾಡಿದವಳನ್ನೇ ಚೊಂಬು ಹೊರೆಂದು ಯಾರೂ ಎಂದೂ ಕೇಳಿರಲಿಲ್ಲ. ಚಿಕ್ಕಬೋರಮ್ಮ ಗಾಣದ ಮುಂದೆ ಕೂತು ಜಲ್ಲೆಗೆ ಕೈ ಚಾಚಿದಳು.

"ಭಾವ, ಎತ್ತು ಇಡ್ಕೊ!"

ರಚ್ಚಿನ ಕಡೆಯಿಂದ ಕೂಗಿದ್ದು ಸಣ್ಣಯ್ಯ. ಕರಿಸಿದ್ದಯ್ಯ ಎತ್ತು ನಿಲ್ಲಿಸಿದ. ಸಣ್ಣಯ್ಯ ಬಂದವನೇ ಅಕ್ಕನ ಮುಖವನ್ನು ದಿಟ್ಟಿಸಿದ. ಅವಳ ಸೆರಗು ಸೊಂಟದಲ್ಲಿರಲಿಲ್ಲ, ಉರುಳೆಯ ಪಕ್ಕಕ್ಕೇ ಇಳಿಬಿದ್ದಿತ್ತು. ಬಳೆಗಳು ಮುಂಗೈಯಲ್ಲೇ ಇದ್ದವು. ಅವಳು ಅವನನ್ನು ನೋಡಿ ನಕ್ಕಳು. ಆ ಕಣ್ಣು ಅವನಿಗೆ ಗೊತ್ತಿದ್ದ ಕಣ್ಣು.

"ಅಕ್ಕ, ಎದ್ದೇಳು. ಒಂದ್ ಕಿತ ಚೊಂಬು ಇಡ್ಕೊಂಡ್ ಬಾ."

"ನಂಗೆ ಚೊಂಬು ತೋರಿಸ್ತೀಯೇನ್ಲಾ? ಅನಿ ಎಂಡ ಮುಟ್ಟಿದೋಳಲ್ಲ ನಾನು!"

"ಅದುಕ್ಕೇ ಒಸಿ ನಡ್ದು ತೋರ್ಸು."

ಕೆಲಸದವರೆಲ್ಲ ನಿಂತು ನೋಡತೊಡಗಿದರು. ಅವಳಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಚೊಂಬು ಹಿಡಿದು ಬದು ಹತ್ತಿದಳು. ತಾನು ನೆಟ್ಟಗೆ ನಡೆಯುತ್ತಿದ್ದೇನೆಂದೇ ಅವಳಿಗೆ ತೋಚುತ್ತಿತ್ತು. ಐದು ಹೆಜ್ಜೆ, ಆರು ಹೆಜ್ಜೆ. ಯಾರೋ ತಣ್ಣಗೆ ತನ್ನ ಮೊಣಕೈ ಹಿಡಿದಂತಾಯಿತು. ನೋಡಿದರೆ ಯಾರೂ ಇಲ್ಲ. ನೀರು ಮುಂಗೈ ದಾಟಿ, ಬಳೆ ದಾಟಿ, ಮೊಣಕೈಯಿಂದ ಧಾರೆಯಾಗಿ ಇಳಿಯುತ್ತಿತ್ತು. ಹಿಂದೆ ಬದುವಿನುದ್ದಕ್ಕೂ ನೆಲ ಒದ್ದೆ. ಒಂದು ಕಾಲು ಆಗಲೇ ಕಾಲುವೆಯೊಳಗಿತ್ತು.

"ಆಚಾರ ಹೇಳೋದು, ಬದನೆಕಾಯಿ ತಿನ್ನೋದು" ಎಂದು ಹಿಂದಿನಿಂದ ಯಾರೋ ಗೊಣಗಿದರು.

ರಚ್ಚಿನ ಕಡೆಯಿಂದ ಮುದ್ದಮ್ಮ ಓಡಿಬಂದು ಗುಳಿಗೆಯ ವಿಷಯ ಹೇಳಿಬಿಟ್ಟಳು. ಜವರಯ್ಯ ಕೇಳಿ, ಅದು ಅಪೀಮಿನ ಗುಳಿಗೆಯೇ ಇರಬೇಕೆಂದ. ಅವನಿಗೆ ಕಬ್ಬಿನ ಚಿಂತೆ. ಕಡಿದದ್ದು ಒಣಗಿದರೆ ಬೆಲ್ಲ ಕೆಡುತ್ತದೆ.

"ಮದ್ದು ತಾನೇ ಕಣಮ್ಮ, ಎಂಡವೇನಲ್ವಲ್ಲ. ಮಕ ತೊಳ್ಕೊಂಡು ಕೂತ್ಕೊ. ನಿಂಗ್ ಯಾರು ಏನ್ ಅಂದಾರು?"

ಕೂರಬಹುದಿತ್ತು. ಎಂಟು ವರ್ಷದ ಮರ್ಯಾದೆ ಉಳಿಸಿಕೊಳ್ಳಲು ಅದೊಂದೇ ದಾರಿಯಾಗಿತ್ತು. ಚಿಕ್ಕಬೋರಮ್ಮ ಒದ್ದೆ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಮದ್ದೋ ಎಂಡವೋ, ಗಾಣಕ್ಕೇನ್ ಗೊತ್ತಪ್ಪ? ನಂಗಿವತ್ತು ರಚ್ಚು."

ಗಾಣಕ್ಕೆ ಯಾರು ಕೂರುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಸಣ್ಣಯ್ಯ ಅಕ್ಕನ ಕೈಯಿಂದ ಚೊಂಬು ತೆಗೆದುಕೊಂಡ. ನಗ್ಗಿದ ಜಾಗವನ್ನು ಹೆಬ್ಬೆರಳಿನಲ್ಲಿ ಒಮ್ಮೆ ಒರೆಸಿ, ಕಂಠಮಟ್ಟ ತುಂಬಿ, ಬದು ಹತ್ತಿದ. ಹೆಂಗಸರು ಕಿಸಕ್ಕೆನ್ನಲು ಬಾಯಿ ಸಿದ್ಧಮಾಡಿಕೊಂಡಿದ್ದರು. ಮೂವತ್ತು ಹೆಜ್ಜೆ ನಡೆದು ನೀರನ್ನು ಬಾನಿಗೆ ಸುರಿದ. ಅಕ್ಕನ ಮುಂದೆ ಬಂದು ನಿಂತು ಕೈ ಚಾಚಿದ. ಮುಂಗೈ ನೆನೆದಿರಲಿಲ್ಲ.

ಅವಳು ಮುಟ್ಟಿ ನೋಡಿದಳು, ತಿರುಗಿಸಿ ನೋಡಿದಳು.

"ಯಾವಾಗ್ ಬುಟ್ಟೆಲಾ?"

"ಓದ್ ವರ್ಸದ ಸುಗ್ಗೀಲೇ."

"ಮತ್ಯಾಕ್ಲಾ ಒಂದಿನಾನೂ ಚೊಂಬು ಮುಟ್ಲಿಲ್ಲ?"

"ನೀನ್ ಕರೀಲಿ ಅಂತ ಕಾಯ್ತಿದ್ದೆ ಕಣಕ್ಕ."

ಚಿಕ್ಕಬೋರಮ್ಮ ಅವನ ಹೆಗಲಿನ ಟವಲು ಎಳೆದು, ಅವನ ಸೊಂಟಕ್ಕೆ ಎರಡು ಸುತ್ತು ಬಿಗಿದು ಕಟ್ಟಿದಳು. ಗಂಟು ಎಳೆದು ನೋಡಿದಳು. ಆಮೇಲೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತು ರಚ್ಚು ಹರವತೊಡಗಿದಳು.

ಕರಿಸಿದ್ದಯ್ಯ ಎತ್ತಿಗೆ ದನಿ ಕೊಟ್ಟ, ಗಾಣ ಕಿರುಗುಟ್ಟುತ್ತ ತಿರುಗಿತು. ತೊಲೆ ಸುತ್ತಿ ಬಂದಾಗ ಸಣ್ಣಯ್ಯ ತಲೆ ಬಗ್ಗಿಸಿದ. ದೂರದಲ್ಲಿ ರಚ್ಚಿನ ನಡುವೆ ಕೂತಿದ್ದ ಅಕ್ಕನೂ ಬಗ್ಗಿಸಿದಳು. ಆ ದಿನವೆಲ್ಲ ಅವನು ಎಷ್ಟು ಸಲ ತಲೆ ಬಗ್ಗಿಸಿದನೋ ಅವಳೂ ಅಷ್ಟು ಸಲ ಬಗ್ಗಿಸಿದಳು.