ಸಣ್ಣತ್ತೆಯ ಮೊಳ

ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡರೆ ಸಾಕು, ಒದ್ದೆ ಬಾಳೆನಾರಿನ ವಾಸನೆ ನನ್ನನ್ನು ನಂಜನಗೂಡಿನ ನಮ್ಮ ಮನೆಯ ಜಗುಲಿಗೆ ಎಳೆದೊಯ್ಯುತ್ತದೆ. ಆ ಮನೆ ಈಗಿಲ್ಲ. ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಸಂಜೆಯ ಹೊತ್ತು ಕಪಿಲೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಉದ್ದನೆಯ ಅಜ್ಜಿ ಒಂದು ಕಂಬಕ್ಕೆ, ಕುಳ್ಳಿ ಸಣ್ಣತ್ತೆ ಇನ್ನೊಂದಕ್ಕೆ ಒರಗಿಕೊಂಡು, ಹಿತ್ತಿಲ ಮಲ್ಲಿಗೆ ಕಟ್ಟುತ್ತಾ ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದರು.

ಒಂದು ಸಂಜೆ ನಾನು ಚೀಲ ಬಿಸಾಡಿ, ಇನ್ನು ಶಾಲೆಗೆ ಕಾಲಿಡುವುದಿಲ್ಲವೆಂದು ರಂಪ ಮಾಡಿದೆ. ಮೂರರಲ್ಲಿ ಎರಡು ಪಾಲು ದೊಡ್ಡದೋ, ನಾಲ್ಕರಲ್ಲಿ ಮೂರು ಪಾಲು ದೊಡ್ಡದೋ ಎಂದು ಮೇಷ್ಟ್ರು ಕೇಳಿದ್ದರು. ಎರಡರಲ್ಲೂ ಒಂದೊಂದು ಪಾಲೇ ಕಮ್ಮಿ, ಅದಕ್ಕೇ ಸಮ ಅಂದುಬಿಟ್ಟಿದ್ದೆ. ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ‘ಬುಟ್ರೆ ಬುಡ್ಲಿ ಅತ್ಲಾಗೆ’ ಎಂದ ಅಪ್ಪ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಸಣ್ಣತ್ತೆ ಕಿಡಿಕಿಡಿಯಾದಳು. ‘ನಾನ್ ಬುಟ್ಟಿದ್ದು ಸಾಲ್ದಾ? ಬಾರೇ ಇಲ್ಲಿ.’

ಅಜ್ಜಿ ತನ್ನ ಒಂದು ಮೊಳ ನಾರನ್ನು ಮೂರು ಮಡಿಸಿ ಎರಡು ಪಾಲು ಉಳಿಸಿದಳು. ಅತ್ತೆ ತನ್ನ ಮೊಳವನ್ನು ನಾಲ್ಕು ಮಡಿಸಿ ಮೂರು ಉಳಿಸಿದಳು. ಅಜ್ಜಿಯದೇ ಉದ್ದ ಬಂತು! ಅಜ್ಜಿ ಬೀಗಿದಳು, ಅತ್ತೆ ರೇಗಿದಳು, ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು. ‘ಅಯ್ಯೋ ನನ್ ಬುದ್ಧಿಗಿಷ್ಟು! ನಿನ್ ಮೊಳಾನೇ ಬ್ಯಾರೆ, ನನ್ ಮೊಳಾನೇ ಬ್ಯಾರೆ ಕಣವ್ವಾ.’ ಮತ್ತೆ ಎರಡೂ ನಾರನ್ನು ತನ್ನ ಮೊಳಕ್ಕೇ ಅಳೆದು, ಮೂರಕ್ಕೂ ಸರಿಹೋಗಲಿ, ನಾಲ್ಕಕ್ಕೂ ಸರಿಹೋಗಲಿ ಎಂದು ಒಂದೊಂದಕ್ಕೂ ಸಮ ಅಂತರದಲ್ಲಿ ಹನ್ನೆರಡು ಹೂ ಕಟ್ಟಿದಳು. ಮೂರರಲ್ಲಿ ಎರಡಕ್ಕೆ ಎಂಟು ಹೂ ಬಂತು, ನಾಲ್ಕರಲ್ಲಿ ಮೂರಕ್ಕೆ ಒಂಬತ್ತು. ಹೆಚ್ಚಿದ್ದ ಆ ಒಂದು ಹೂವನ್ನು ನನ್ನ ಜಡೆಗೆ ಸಿಕ್ಕಿಸಿ, ನನ್ನ ಮೊಳಕೈಯನ್ನು ತನ್ನದರ ಪಕ್ಕಕ್ಕಿಟ್ಟು ನೋಡಿದಳು. ‘ಮೂರ್ರಲ್ಲಿ ಎರಡು ಪಾಲು ಬೆಳ್ದಿದೀಯ. ಮಿಕ್ಕಿದ್ದು ಇಸ್ಕೂಲಲ್ಲಿ ಬೆಳಿ, ಓಗು.’ ಮಾರನೆಯ ದಿನ ಆ ಹೂ ಮುಡಿದೇ ಶಾಲೆಗೆ ಹೋದೆ. ಆಮೇಲೆ ಬಿಡಲಿಲ್ಲ.

ಮೊನ್ನೆ ನನ್ನ ಮಗಳು ಅದೇ ಲೆಕ್ಕಕ್ಕೆ ಮುಖ ಊದಿಸಿಕೊಂಡು ಕೂತಿದ್ದಳು. ಬಾಳೆನಾರು ನೆನೆಸಿ, ಹೂ ಕಟ್ಟುತ್ತಾ ಈ ಕಥೆ ಹೇಳಿದೆ. ಲೆಕ್ಕ ತಲೆಗೆ ಹತ್ತಿತು. ತಕ್ಷಣ ತನ್ನ ಕೈಯನ್ನು ನನ್ನ ಕೈಗೆ ಜೋಡಿಸಿದಳು. ‘ನಾನು ಮುಕ್ಕಾಲು ಬಂದಿದೀನಿ. ಆಗ ನೀನು ಮೂರರಲ್ಲಿ ಎರಡೇ. ನಿನಗಿಂತ ನಾನೇ ದೊಡ್ಡೋಳು!’

‘ಯಾರ ಮೊಳದಲ್ಲೇ? ನಾನಿದ್ದದ್ದು ಸಣ್ಣತ್ತೆ ಮೊಳದಲ್ಲಿ.’

‘ಹಂಗಾದ್ರೆ ಅದನ್ನ ತಗೊಂಡ್ಬಾ, ಅಳ್ದು ನೋಡಾಣ.’

ಸಣ್ಣತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಎಲ್ಲಿಂದ ತರಲಿ? ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಸ ನಾರೊಂದನ್ನು ನೀರಿನಿಂದ ಎತ್ತಿ ನನ್ನ ಮೊಳಕೈಗೆ ಹಿಡಿದಳು.

‘ಹೋಗ್ಲಿ ಬಿಡಮ್ಮ. ಇನ್ಮೇಲೆ ನಮ್ಮನೇಲಿ ನಿಂದೇ ಮೊಳ. ಕೈ ನೆಟ್ಟಗಿಡು.’