ಮಂದ ದೀಪದ ತಿರುವು

ಆಸ್ಪತ್ರೆಯ ನೆಲಮಾಳಿಗೆಯ ಒಗೆಯುವ ಕೋಣೆಗೆ ತಾನಾಗಿ ಓಡುವ ಗಾಡಿ ಬಂದಾಗ ಹೆಂಗಸರು ಅದಕ್ಕೆ 'ಅಳಿಯ' ಎಂದು ಹೆಸರಿಟ್ಟರು. ಬಂದರೆ ಎಲ್ಲರೂ ಎದ್ದು ದಾರಿ ಬಿಡಬೇಕು, ತಾನು ಮಾತ್ರ ಯಾರಿಗೂ ಬಾಗುವುದಿಲ್ಲ. ಹಿರಿಯಳಾದ ಇಸ್ತ್ರಿ ಅಕ್ಕನೂ ಮೊದಮೊದಲು ನಕ್ಕಳು. ಚಾವಣಿಯ ಮೇಲೆ ಕಣ್ಣಿಗೆ ಕಾಣದ ಮಸಿಯಲ್ಲಿ ಗುರುತು ಬರೆದಿದ್ದಾರಂತೆ, ಗಾಡಿಯ ನೆತ್ತಿಯ ದೀಪ ಅದನ್ನು ಓದಿ ತಿರುಗುತ್ತದಂತೆ. ಎಲ್ಲಿ ಬರೆದಿದ್ದಾರೆಂದು ಮಾತ್ರ ಯಾರೂ ಹೇಳಲಿಲ್ಲ. ಚಾವಣಿ ಒರೆಸುವವರಿಗೆ ಅದೆಲ್ಲ ಯಾಕೆ, ಅಲ್ಲವೇ?

ಒರೆಸುತ್ತಿದ್ದವಳು ಅಕ್ಕನೇ. ಹಬೆಗೆ ಚಾವಣಿ ಬೆವರುತ್ತಿತ್ತು. ಹನಿ ಬಿದ್ದರೆ ಇಸ್ತ್ರಿಯಾದ ಬಟ್ಟೆ ಕಲೆಯಾಗುತ್ತಿತ್ತು. ದಿನಾ ಬೆಳಿಗ್ಗೆ ಉದ್ದ ಕೋಲಿಗೆ ಬಟ್ಟೆ ಸುತ್ತಿ, ಬ್ಲೀಚ್ ನೀರಿನಲ್ಲಿ ಅದ್ದಿ ಉಜ್ಜುವಳು. ಗಾಡಿಯ ದಾರಿಯ ತಿರುವಿನಲ್ಲಿ, ಗೋಡೆಗೊರಗಿ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುವ ಅವಳ ನಾದಿನಿ ತುಂಬು ಬಸುರಿ. ಅವಳ ತಲೆಮೇಲೆ ಹನಿ ಬೀಳಬಾರದೆಂದು ಅಲ್ಲಿ ಎರಡು ಕೈ ಹೆಚ್ಚೇ ಉಜ್ಜುವಳು.

ಬ್ಯಾಟರಿ ಉಳಿಯಲೆಂದು ಮೇಲಿನವರು ಗಾಡಿಯ ದೀಪದ ಬೆಳಕು ಇಳಿಸಿದರು. ಅದೇ ವಾರ ಅಳಿಯ ತಿರುವು ಮರೆತ. ನಾದಿನಿಯ ಮೊಣಕಾಲಿಗೆ ಒಂದು ಗೇಣು ಉಳಿದಾಗ ನಿಂತ.

"ಗುರುತು ಎಲ್ಲಿದೆಯಪ್ಪಾ?" ಎಂದು ಅಕ್ಕ ಕೇಳಿದಾಗ ರಿಪೇರಿಯವನು ಬೆರಳೆತ್ತಿ ತೋರಿಸಿದ. ಅವಳು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ ಜಾಗ. "ಅರ್ಧ ಅಳಿಸಿದೆ ಕಣಕ್ಕ. ದೀಪ ಜೋರಿದ್ದಾಗ ಹೇಗೋ ಓದ್ಕೊಳ್ತಿತ್ತು."

ಅಕ್ಕ ಮೇಲ್ವಿಚಾರಕನ ಬಳಿಗೆ ಓಡಿದಳು.

"ಸಾರ್, ಅಳಿಸಿದ್ದು ನಾನೇ. ಹೊಸ ಗುರುತು ಹಾಕೋವರೆಗೆ ದೀಪ ಜೋರು ಮಾಡ್ಸಿ. ಇಲ್ಲಾಂದ್ರೆ ಆ ಹುಡುಗೀನಾದ್ರೂ ಬೇರೆ ಕಡೆ ಕೂರ್ಸಿ."

"ಮಡಿಸೋಕೆ ಇರೋದು ಅದೊಂದೇ ಜಾಗ. ಗಾಡಿ ತಾನಾಗೇ ನಿಲ್ಲುತ್ತಮ್ಮ. ನಿನ್ನ ಹಾಗೆ ಅದಕ್ಕೆ ಗಾಬರಿ ಇಲ್ಲ."

ಆತ ಕೂರುವುದು ಮೂರನೇ ಮಹಡಿಯಲ್ಲಿ. ಅಲ್ಲಿಗೆ ಅಳಿಯ ಹೋಗುವುದಿಲ್ಲ.

ಅಕ್ಕ ಕೆಳಗಿಳಿದು ನಾದಿನಿಯ ತೋಳು ಹಿಡಿದಳು. "ಏಳೇ. ನೀನು ಇಸ್ತ್ರಿ ನೋಡ್ಕೋ."

"ಅತ್ತಿಗೆ, ನಿಂಗೆಲ್ಲಿ ಬರುತ್ತೆ ಮಡಿಸೋಕೆ? ಉಂಡೆ ಕಟ್ಟಿಡ್ತೀಯ!"

"ಬಾಯ್ಮುಚ್ಕೊಂಡು ಏಳು."

ಮಧ್ಯಾಹ್ನದವರೆಗೆ ಅಳಿಯ ಬಂದ, ತಡವರಿಸಿದ, ತಿರುಗಿದ. ಆಮೇಲೆ ಒದ್ದೆ ಬಟ್ಟೆಯ ಹೊರೆ ಹೊತ್ತು ಬಂದವನು ತಿರುಗಲಿಲ್ಲ. ಚಕ್ರ ಬಿಗಿದುಕೊಂಡಿತು, ಹೊರೆಯ ಭಾರ ಕೇಳದೆ ಗಾಡಿ ಜಾರಿ ಬಂತು. ಗಾಡಿಗೂ ಗೋಡೆಗೂ ನಡುವೆ ಅಕ್ಕನ ಎರಡೂ ಕಾಲು ಸಿಕ್ಕಿಕೊಂಡವು.

ಮೇಲ್ವಿಚಾರಕ ಇಳಿದು ಬಂದ. ನಾದಿನಿಯ ಕಿರುಚಾಟದ ನಡುವೆಯೇ ಕೇಳಿದ: "ಇವಳ ಜಾಗ ಇಸ್ತ್ರಿ ಮೇಜಲ್ವಾ? ಇಲ್ಯಾಕೆ ಕೂತಿದ್ಲು?"

ಮರುದಿನ ಆ ಸ್ಟೂಲಿನ ಮೇಲೆ ಮತ್ತೊಬ್ಬಳನ್ನು ಕೂರಿಸಿದರು. ದೀಪದ ತಂಟೆಗೆ ಯಾರೂ ಹೋಗಲಿಲ್ಲ.